ಹಳೆಯ ಸ್ಪಾಯ್ಲರ್ ಮಾರಾಟ: ಡಿಕ್ಕಿಯಿಂದ ಬಿಚ್ಚುವುದರಿಂದ ಪಾರ್ಸೆಲ್ ತಲುಪುವವರೆಗೆ

ಕಾರು ಮಾರುವಾಗ, ಡಿಕ್ಕಿ ಅಥವಾ ಹಿಂಬಾಗಿಲಿನ ಮೇಲೆ ಜೋಡಿಸಿರುವ ರೆಕ್ಕೆಯಂಥ ಸ್ಪಾಯ್ಲರ್‌ಗೆಂದು ಯಾರೂ ಬೇರೆ ಹಣ ಕೊಡುವುದಿಲ್ಲ. ಗುಜರಿಯವನು ಅದನ್ನು ಪ್ಲಾಸ್ಟಿಕ್ ತೂಕಕ್ಕೆ ಹಾಕಿಕೊಳ್ಳುತ್ತಾನೆ. ಅದೇ ಸ್ಪಾಯ್ಲರ್‌ಗಾಗಿ ಇನ್ನೊಂದು ಊರಿನಲ್ಲಿ ಒಬ್ಬರು ತಿಂಗಳುಗಟ್ಟಲೆ ಹುಡುಕುತ್ತಿರುತ್ತಾರೆ. ಎಂಟನೇ ತಲೆಮಾರಿನ ಹೋಂಡಾ ಸಿವಿಕ್ ನಮ್ಮಲ್ಲಿ 2006ರಲ್ಲಿ ಬಂದು 2013ರ ಹೊತ್ತಿಗೆ ನಿಂತಿತು. ಫೋಕ್ಸ್‌ವ್ಯಾಗನ್ ಪೋಲೊ 2010ರಲ್ಲಿ ಬಂದು 2022ರಲ್ಲಿ ಹೋಯಿತು. ಕಾರು ನಿಂತರೂ ಅಭಿಮಾನಿಗಳು ಉಳಿದಿದ್ದಾರೆ. ಅವರಿಗೆ ಬೇಕಿರುವುದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ತೂಗುಹಾಕಿರುವ ಫೈಬರ್ ನಕಲಲ್ಲ, ಕಂಪನಿಯ ಅಚ್ಚಿನಿಂದ ಬಂದ ಒರಿಜಿನಲ್.

ಇಂಥ ಗಿರಾಕಿಗೆ ಮಾರುವುದು ಸುಲಭವೂ ಹೌದು, ಕಷ್ಟವೂ ಹೌದು. ವಸ್ತುವಿನ ಬೆಲೆ ಅವರಿಗೆ ಗೊತ್ತಿರುತ್ತದೆ, ಹಾಗೆಯೇ ಅದರ ದೋಷಗಳೂ ಗೊತ್ತಿರುತ್ತವೆ. ಸ್ಪಾಯ್ಲರ್‌ನ ಮೇಲ್ಭಾಗ ನೋಡಿ ಅವರು ಆಸೆಪಡುತ್ತಾರೆ, ಅಡಿಭಾಗ ನೋಡಿ ಹಣ ಕೊಡುತ್ತಾರೆ. ಕೆಳಗೆ ಹೇಳುವ ಎಲ್ಲ ಹೆಜ್ಜೆಗಳೂ ಈ ಅಡಿಭಾಗವನ್ನು ಮುಚ್ಚುಮರೆಯಿಲ್ಲದೆ ತೋರಿಸುವುದಕ್ಕಾಗಿಯೇ ಇವೆ.

1. ಇದು ಯಾವ ಕಾರಿನದು ಎಂದು ಖಚಿತಪಡಿಸಿಕೊಳ್ಳಿ

‘ಸ್ವಿಫ್ಟ್ ಸ್ಪಾಯ್ಲರ್ ಮಾರಾಟಕ್ಕಿದೆ’ ಎಂಬ ಜಾಹೀರಾತಿನಿಂದ ಏನೂ ತಿಳಿಯುವುದಿಲ್ಲ. ಭಾರತದಲ್ಲಿ ಸ್ವಿಫ್ಟ್ 2005, 2011, 2018 ಮತ್ತು 2024ರಲ್ಲಿ ನಾಲ್ಕು ತಲೆಮಾರುಗಳಾಗಿ ಬಂದಿದೆ. ನಾಲ್ಕರ ಹಿಂಬಾಗಿಲುಗಳೂ ಬೇರೆ ಬೇರೆ. ಒಂದರ ಸ್ಪಾಯ್ಲರ್ ಇನ್ನೊಂದರ ಮೇಲೆ ಕೂರುವುದಿಲ್ಲ.

ಇಸವಿಯೊಂದನ್ನೇ ನಂಬುವಂತೆಯೂ ಇಲ್ಲ. ಹೋಂಡಾ ಸಿಟಿಯ ನಾಲ್ಕನೇ ತಲೆಮಾರು 2014ರಲ್ಲಿ ಬಂತು. ಐದನೆಯದು 2020ರಲ್ಲಿ ಬಂದ ಮೇಲೂ ಕಂಪನಿ ನಾಲ್ಕನೆಯದನ್ನು ಕೆಲಕಾಲ ಜೊತೆಯಲ್ಲೇ ಮಾರಿತು. ಹೀಗಾಗಿ 2021ರಲ್ಲಿ ನೋಂದಣಿಯಾದ ಸಿಟಿ ಎರಡರಲ್ಲಿ ಯಾವುದಾದರೂ ಆಗಿರಬಹುದು. ಅಭಿಮಾನಿಗಳು ಇದಕ್ಕೇ ಚಾಸಿ ಸಂಕೇತ, ಅಂದರೆ ಕಂಪನಿ ಆಯಾ ತಲೆಮಾರಿಗೆ ಕೊಟ್ಟ ಗುರುತು ಬಳಸುತ್ತಾರೆ: 2008ರಲ್ಲಿ ಬಂದದ್ದು ಜಿಎಂ2, 2014ರದ್ದು ಜಿಎಂ6. ನಿಮ್ಮ ಜಾಹೀರಾತಿನಲ್ಲಿ ಇಸವಿ, ತಲೆಮಾರು, ಸಂಕೇತ ಮೂರೂ ಇರಲಿ. ಒಂದೇ ತಲೆಮಾರಿನಲ್ಲೂ ವ್ಯತ್ಯಾಸಗಳಿರುತ್ತವೆ. 2017ರ ಪರಿಷ್ಕೃತ ಸಿಟಿಯ ಝಡ್‌ಎಕ್ಸ್ ಆವೃತ್ತಿಗೆ ಎಲ್‌ಇಡಿ ದೀಪವಿರುವ ಸ್ಪಾಯ್ಲರ್ ಬಂದಿತ್ತು. ದೀಪವಿಲ್ಲದ ಸ್ಪಾಯ್ಲರ್‌ಗೂ ದೀಪವಿರುವುದಕ್ಕೂ ಬೆಲೆಯೂ ಬೇರೆ, ಜೋಡಿಸುವ ಕೆಲಸವೂ ಬೇರೆ.

ಅಡಿಭಾಗದಲ್ಲಿ ಕಂಪನಿಯ ಸ್ಟಿಕ್ಕರ್ ಅಥವಾ ಅಚ್ಚೊತ್ತಿದ ಪಾರ್ಟ್ ನಂಬರ್ ಇದ್ದರೆ ಅದೇ ದೊಡ್ಡ ಆಸ್ತಿ. ಮಸುಕಾಗಿದ್ದರೂ ಉಜ್ಜಿ ತೆಗೆಯಬೇಡಿ, ಹಾಗೆಯೇ ಫೋಟೊ ತೆಗೆಯಿರಿ.

2. ಯಾವ ವಸ್ತುವಿನಿಂದ ಮಾಡಿದ್ದು?

ನಮ್ಮಲ್ಲಿ ಓಡಾಡುವ ಸ್ಪಾಯ್ಲರ್‌ಗಳು ಮುಖ್ಯವಾಗಿ ಎಬಿಎಸ್ ಪ್ಲಾಸ್ಟಿಕ್ ಅಥವಾ ಎಫ್‌ಆರ್‌ಪಿ, ಅಂದರೆ ಎಲ್ಲರೂ ‘ಫೈಬರ್’ ಎನ್ನುವ ಗಾಜಿನ ನಾರಿನವು. ಅಲ್ಲೊಂದು ಇಲ್ಲೊಂದು ಪಾಲಿಯುರೆಥೇನ್ ಮತ್ತು ಕಾರ್ಬನ್ ಫೈಬರ್ ಸಿಗುತ್ತವೆ. ಕಂಪನಿಯ ಪ್ಲಾಸ್ಟಿಕ್ ಭಾಗಗಳ ಒಳಮೈಯಲ್ಲಿ ಸಾಮಾನ್ಯವಾಗಿ ಎರಡು ಕೋನಚಿಹ್ನೆಗಳ ನಡುವೆ ಎಬಿಎಸ್, ಪಿಪಿ, ಪಿಯುಆರ್ (ಪಾಲಿಯುರೆಥೇನ್) ಎಂಬಂತೆ ವಸ್ತುವಿನ ಹೆಸರನ್ನು ಅಚ್ಚೊತ್ತಿರುತ್ತಾರೆ. ಕೊಳ್ಳುವವರ ಪೇಂಟರ್‌ಗೆ ಇದು ಬೇಕಾದ ಮಾಹಿತಿ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಮೇಲೆ ಅದಕ್ಕೆಂದೇ ಇರುವ ಪ್ರೈಮರ್ ಹಚ್ಚದಿದ್ದರೆ ಬಣ್ಣ ಹಿಡಿಯುವುದಿಲ್ಲ, ಹಾಳೆಯಾಗಿ ಎದ್ದುಬರುತ್ತದೆ.

ಗುರುತು ಇಲ್ಲದಿದ್ದರೆ ಅಡಿಭಾಗವನ್ನು ಬೆರಳಿನಿಂದ ಸವರಿ ನೋಡಿ. ಎಬಿಎಸ್‌ನ ಒಳಮೈ ಅಚ್ಚಿನಿಂದ ಬಂದ ನಯ ಮತ್ತು ಸಮ ದಪ್ಪ ಹೊಂದಿರುತ್ತದೆ. ಕೈಯಲ್ಲಿ ಮಾಡಿದ ಎಫ್‌ಆರ್‌ಪಿಯಲ್ಲಿ ನಾರಿನ ಎಳೆಗಳು ಕಾಣುತ್ತವೆ, ಅಂಚುಗಳ ದಪ್ಪ ಏರುಪೇರಾಗಿರುತ್ತದೆ. ಎಫ್‌ಆರ್‌ಪಿ ಎಂದರೆ ಕೀಳು ಎಂದೇನಲ್ಲ, ಒಳ್ಳೆಯ ಕೆಲಸಗಾರರು ಮಾಡಿದ್ದು ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದನ್ನು ‘ಒರಿಜಿನಲ್’ ಎಂದು ಮಾರುವುದು ಮೋಸ. ಕಾರ್ಬನ್ ನೇಯ್ಗೆಯ ಚಿತ್ರವನ್ನು ಮೇಲೆ ಅಂಟಿಸಿದ್ದಕ್ಕೂ ನಿಜವಾದ ಕಾರ್ಬನ್ ಫೈಬರ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಕೊನೆಯದಾಗಿ ಬಣ್ಣದ ಕೋಡ್. ಚಾಲಕನ ಬಾಗಿಲಿನ ಕಂಬ, ಬಾನೆಟ್‌ನ ಒಳಭಾಗ ಅಥವಾ ಸ್ಟೆಪ್ನಿ ಇಡುವ ಜಾಗದ ಸ್ಟಿಕ್ಕರಿನಲ್ಲಿ ಇದು ಸಿಗುತ್ತದೆ. ‘ಬಿಳಿ’ ಎಂದರೆ ಸಾಲದು. ಹೋಂಡಾದ ಟಫೆಟಾ ವೈಟ್ ಎನ್‌ಎಚ್578, ಫೋಕ್ಸ್‌ವ್ಯಾಗನ್‌ನ ಕ್ಯಾಂಡಿ ವೈಟ್ ಎಲ್‌ಬಿ9ಎ. ಕೋಡ್ ಒಂದೇ ಆಗಿದ್ದರೂ ಬಿಸಿಲಿನಲ್ಲಿ ನಿಂತ ಕಾರಿನ ಬಣ್ಣ ಮಾಸಿರುತ್ತದೆ. ‘ಹಾಗೆಯೇ ಹಾಕಿದರೆ ನೂರಕ್ಕೆ ನೂರು ಹೊಂದುತ್ತದೆ’ ಎಂಬ ಭರವಸೆ ಕೊಡಬೇಡಿ.

3. ಬಿಚ್ಚುವ ಕೆಲಸ

ಸ್ಪಾಯ್ಲರ್‌ನಲ್ಲಿ ಬ್ರೇಕ್ ದೀಪವಿದ್ದರೆ, ಬಿಚ್ಚುವ ಮೊದಲೇ ಯಾರನ್ನಾದರೂ ಬ್ರೇಕ್ ತುಳಿಯಲು ಕೂರಿಸಿ ವಿಡಿಯೊ ಮಾಡಿಕೊಳ್ಳಿ. ಎಲ್ಲ ಎಲ್‌ಇಡಿಗಳೂ ಉರಿಯುತ್ತಿವೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಇಲ್ಲ. ಸ್ಪಾಯ್ಲರ್ ಕಾರಿನ ಮೇಲಿರುವಾಗಲೇ ಒಂದೆರಡು ಫೋಟೊ ತೆಗೆದುಕೊಳ್ಳಿ. ಅದು ನಿಮ್ಮ ಕಾರಿನಿಂದಲೇ ಬಂದದ್ದು, ಕದ್ದ ಮಾಲಲ್ಲ ಎಂದು ಕೊಳ್ಳುವವರಿಗೆ ಧೈರ್ಯ ಬರುತ್ತದೆ. ನಂಬರ್ ಪ್ಲೇಟ್ ಮರೆಮಾಡಿ.

ಡಿಕ್ಕಿ ಇರುವ ಸೆಡಾನ್‌ಗಳಲ್ಲಿ ಮುಚ್ಚಳದ ಒಳಗಿನ ಲೈನಿಂಗ್ ತೆಗೆದರೆ ನಟ್‌ಗಳು ಕಾಣುತ್ತವೆ, ಹೆಚ್ಚಿನವಕ್ಕೆ 10 ನಂಬರ್ ಸಾಕೆಟ್ ಸಾಕು. ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂಬಾಗಿಲಿನ ಟ್ರಿಮ್ ತೆಗೆಯಬೇಕು. ಕೆಲವು ಕಾರುಗಳಲ್ಲಿ ಹಿಂಗಾಜಿಗೆ ನೀರು ಚಿಮ್ಮಿಸುವ ಕೊಳವೆಯೂ ಸ್ಪಾಯ್ಲರ್ ಮೂಲಕವೇ ಹಾದುಹೋಗಿರುತ್ತದೆ, ಎಳೆಯುವ ಮೊದಲು ಅದನ್ನು ಬಿಡಿಸಿ. ಲೈನಿಂಗಿನ ಕ್ಲಿಪ್‌ಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಮುರಿಯುತ್ತವೆ. ಪ್ಲಾಸ್ಟಿಕ್ ಮೀಟುಗೋಲು ಬಳಸಿ.

ನಟ್ ತೆಗೆದ ಮೇಲೂ ಸ್ಪಾಯ್ಲರ್ ಕದಲುವುದಿಲ್ಲ. ಎರಡು ತುದಿಗಳಲ್ಲಿ ಡಬಲ್ ಟೇಪ್, ಅಂದರೆ ಎರಡೂ ಬದಿ ಅಂಟುವ ಟೇಪ್ ಇರುತ್ತದೆ. ಇಲ್ಲಿ ಬಲ ಹಾಕಿದರೆ ತುದಿ ಸೀಳುತ್ತದೆ, ಅಥವಾ ಒಳಗೆ ಹುದುಗಿಸಿದ ಬೋಲ್ಟ್ ಕಿತ್ತುಬರುತ್ತದೆ. ಹೇರ್ ಡ್ರೈಯರ್‌ನಿಂದ ಅಂಚನ್ನು ಬೆಚ್ಚಗೆ ಮಾಡಿ, ಗಾಳಕ್ಕೆ ಕಟ್ಟುವ ನೈಲಾನ್ ದಾರವನ್ನು ಟೇಪಿನ ನಡುವೆ ಗರಗಸದಂತೆ ಆಚೀಚೆ ಎಳೆಯಿರಿ. ಸುತ್ತಲಿನ ಬಣ್ಣಕ್ಕೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿರಿ. ಗ್ಯಾರೇಜಿನ ಹೀಟ್ ಗನ್ ಬೇಡ. ಎಬಿಎಸ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಹೀಟ್ ಗನ್ ಅದನ್ನು ಕ್ಷಣದಲ್ಲಿ ದಾಟಿಬಿಡುತ್ತದೆ. ಇನ್ನೊಬ್ಬರು ಇನ್ನೊಂದು ತುದಿ ಹಿಡಿದಿರಲಿ. ಒಂದೇ ತುದಿಯಿಂದ ಎತ್ತಿದರೆ ಉದ್ದನೆಯ ತುಂಡು ತಿರುಚಿಕೊಂಡು ಬಣ್ಣದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ.

ಕಾರಿನಲ್ಲಿ ಉಳಿದ ಬೋಲ್ಟ್ ತೂತುಗಳನ್ನು ಹಾಗೆಯೇ ಬಿಡಬೇಡಿ. ಕೊರೆದ ಅಂಚಿಗೆ ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ರಬ್ಬರ್ ಬಿರಡೆ ಹಾಕಿ, ಸುತ್ತ ತೆಳುವಾಗಿ ಸಿಲಿಕೋನ್ ಬಳಿಯಿರಿ. ಮಳೆಗಾಲದಲ್ಲಿ ಡಿಕ್ಕಿಯೊಳಗೆ ನೀರು ಇಳಿದರೆ ಆಗುವ ಖರ್ಚು ಸ್ಪಾಯ್ಲರ್ ಮಾರಿದ ಹಣವನ್ನು ಮೀರುತ್ತದೆ.

4. ಶುಚಿ ಮಾಡಿ, ಮೇಕಪ್ ಮಾಡಬೇಡಿ

ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ, ತಾಳ್ಮೆಯಿಂದ, ಬೆರಳಿನಲ್ಲಿ ಉರುಟಿಸುತ್ತ ತೆಗೆಯಿರಿ. ಥಿನ್ನರ್, ಅಸಿಟೋನ್, ಪೆಟ್ರೋಲ್ ಹತ್ತಿರವೂ ಸುಳಿಯಬಾರದು. ಅಸಿಟೋನ್ ಎಬಿಎಸ್ ಅನ್ನು ಕರಗಿಸುತ್ತದೆ.

ಮಾರಾಟಕ್ಕೆ ಮುನ್ನ ಹೊಸದಾಗಿ ಪೇಂಟ್ ಹೊಡೆಸಬೇಕೇ ಎಂದು ಅನೇಕರು ಕೇಳುತ್ತಾರೆ. ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವವರು ತಮ್ಮ ಕಾರಿನ ಬಣ್ಣ ಹೊಡೆಸಿಯೇ ಹೊಡೆಸುತ್ತಾರೆ, ನಿಮ್ಮ ಖರ್ಚು ವ್ಯರ್ಥ. ಅದಕ್ಕಿಂತ ಮುಖ್ಯವಾಗಿ, ಹೊಸ ಪೇಂಟಿನ ಕೆಳಗೆ ಏನು ಅಡಗಿದೆ ಎಂಬ ಅನುಮಾನ ಅನುಭವಿಗಳಿಗೆ ಬಂದೇ ಬರುತ್ತದೆ. ಸಿಪ್ಪೆ ಏಳುತ್ತಿರುವ ಹಳೆಯ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಅನ್ನು ಅವರು ಒಪ್ಪಿಕೊಳ್ಳುತ್ತಾರೆ, ಪುಟ್ಟಿ ತುಂಬಿ ಮುಚ್ಚಿದ ಬಿರುಕನ್ನು ಒಪ್ಪುವುದಿಲ್ಲ. ಸಡಿಲವಾದ ಬೋಲ್ಟನ್ನು ಎಪಾಕ್ಸಿಯಿಂದ ಭದ್ರಪಡಿಸಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಒಳ್ಳೆಯ ದುರಸ್ತಿ ದೋಷವಲ್ಲ, ಅದನ್ನು ಮುಚ್ಚಿಡುವುದು ದೋಷ.

5. ಫೋಟೊಗಳು

ಬೆಳಿಗ್ಗೆ ಅಥವಾ ಮೋಡವಿರುವ ಹೊತ್ತಿನಲ್ಲಿ, ನೆರಳಿನಲ್ಲಿ ತೆಗೆಯಿರಿ. ನಡು ಮಧ್ಯಾಹ್ನದ ಬಿಸಿಲಿನ ಹೊಳಪು ಗೀರುಗಳನ್ನು ನುಂಗಿಬಿಡುತ್ತದೆ. ಒಂದೇ ಬಣ್ಣದ ಬೆಡ್‌ಶೀಟ್ ಹಾಸಿ ಅದರ ಮೇಲಿಡಿ. ಮೇಲಿನಿಂದ, ಮುಂದಿನಿಂದ, ಎರಡೂ ತುದಿಗಳಿಂದ ತೆಗೆದ ಮೇಲೆ ತಿರುಗಿಸಿ ಅಡಿಭಾಗವನ್ನು ಪೂರ್ತಿ ತೆಗೆಯಿರಿ. ಪ್ರತಿ ಬೋಲ್ಟ್, ಪಾರ್ಟ್ ನಂಬರ್, ವೈರಿನ ಸಾಕೆಟ್, ಟೇಪ್ ಇದ್ದ ಜಾಗ ಹತ್ತಿರದಿಂದ ಕಾಣಲಿ. ಟೇಪ್ ಅಳತೆಯನ್ನು ಪಕ್ಕದಲ್ಲಿ ಹಾಸಿ, ಬೋಲ್ಟ್‌ಗಳ ನಡುವಿನ ಅಂತರ ಓದಲು ಬರುವಂತೆ ಒಂದು ಫೋಟೊ ಇರಲಿ. ನಕಲು ಸ್ಪಾಯ್ಲರ್‌ಗಳು ತಪ್ಪುವುದೇ ಈ ಅಂತರದಲ್ಲಿ.

ದೋಷವಿರುವ ಕಡೆ ಬೆರಳಿಟ್ಟು ತೋರಿಸಿ. ಎಫ್‌ಆರ್‌ಪಿ ಆಗಿದ್ದರೆ ಜೇಡರಬಲೆಯಂಥ ಮೇಲ್ಪದರದ ಬಿರುಕುಗಳನ್ನೂ ಸೂಜಿಮೊನೆಯ ತೂತುಗಳನ್ನೂ ಬಿಡದೆ ತೋರಿಸಿ. ಒಂದು ಚೀಟಿಯಲ್ಲಿ ನಿಮ್ಮ ಬಳಕೆದಾರ ಹೆಸರು ಮತ್ತು ದಿನಾಂಕ ಬರೆದು ಪಕ್ಕದಲ್ಲಿಟ್ಟು ತೆಗೆದ ಫೋಟೊ, ವಸ್ತು ನಿಜವಾಗಿಯೂ ನಿಮ್ಮ ಕೈಯಲ್ಲಿದೆ ಎಂಬುದಕ್ಕೆ ಗುರುತು.

6. ಬೆಲೆ

ಮೊದಲು ಶೋರೂಮಿನ ಬಿಡಿಭಾಗಗಳ ಕೌಂಟರಿನಲ್ಲಿ ಪಾರ್ಟ್ ನಂಬರ್ ಕೊಟ್ಟು ಇಂದಿನ ಬೆಲೆ ಕೇಳಿ. ನೀವು ಕೊಂಡಾಗಿನ ಬಿಲ್ಲನ್ನು ಆಧಾರವಾಗಿಟ್ಟುಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಎಲ್ಲಕ್ಕೂ ಶೇ 18 ಆಗಿದೆ, ಮೊದಲು ಹಲವಕ್ಕೆ ಶೇ 28 ಇತ್ತು. ತೆರಿಗೆಗೆ ಮುನ್ನ 10,000 ರೂಪಾಯಿ ಇದ್ದ ಭಾಗ 12,800ರಿಂದ 11,800ಕ್ಕೆ ಇಳಿದಂತಾಯಿತು. ಹಳೆಯ ಬಿಲ್ ತೋರಿಸಿ ಬೆಲೆ ಕುದುರಿಸಲು ಹೋದರೆ ತಿಳಿದವರು ತಕ್ಷಣ ಲೆಕ್ಕ ಒಪ್ಪಿಸುತ್ತಾರೆ.

ಹೊಸದು ಇನ್ನೂ ಸಿಗುತ್ತಿದ್ದರೆ, ಒಳ್ಳೆಯ ಸ್ಥಿತಿಯ ಬಳಸಿದ ಒರಿಜಿನಲ್‌ಗೆ ಹೊಸದರ ಅರ್ಧದ ಆಸುಪಾಸು ನ್ಯಾಯವಾದ ಆರಂಭ ಎನ್ನುತ್ತೇನೆ. ಕೊಳ್ಳುವವರು ಪೇಂಟಿಂಗ್, ಟೇಪ್, ಜೋಡಿಸುವ ಕೂಲಿ, ಸಾಗಣೆ ಎಲ್ಲವನ್ನೂ ಅದರ ಮೇಲೆ ಹಾಕಿಕೊಳ್ಳಬೇಕು. ಒಟ್ಟು ಮೊತ್ತ ಹೊಸದರ ಹತ್ತಿರ ಬಂದರೆ ಹಳೆಯದನ್ನು ಯಾರೂ ಕೊಳ್ಳುವುದಿಲ್ಲ. ಮಾದರಿ ನಿಂತುಹೋಗಿ ಬಿಡಿಭಾಗವೂ ಸಿಗದಂತಾಗಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಆಗ ನಿಮ್ಮ ಕೈ ಮೇಲೆ. ಎಫ್‌ಆರ್‌ಪಿ ನಕಲಿಗೆ ಮಾತ್ರ ಹೆಚ್ಚು ನಿರೀಕ್ಷೆ ಬೇಡ. ಬಣ್ಣ ಹೊಡೆಯದ ಹೊಸದೇ ಅಗ್ಗಕ್ಕೆ ಸಿಗುತ್ತದೆ.

7. ಜಾಹೀರಾತು ಬರೆಯುವುದು

ಆಯಾ ಕಾರಿನ ಮಾಲೀಕರ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಫೇಸ್‌ಬುಕ್ ಗುಂಪುಗಳೇ ಮೊದಲ ಆಯ್ಕೆ. ಎಲ್ಲರಿಗೂ ತೆರೆದಿರುವ ಮಾರಾಟ ತಾಣಗಳಿಗೆ ಆಮೇಲೆ ಹೋಗಿ. ಗುಂಪಿಗೆ ಸೇರಿದ ದಿನವೇ ಜಾಹೀರಾತು ಹಾಕುವುದು ಸಭ್ಯತೆಯಲ್ಲ. ನಿಯಮಗಳನ್ನು ಓದಿ, ನಿರ್ವಾಹಕರ ಒಪ್ಪಿಗೆ ಕೇಳಿ. ಪಠ್ಯ ಹೀಗಿದ್ದರೆ ಸಾಕು:

“ಮಾರಾಟಕ್ಕೆ: ಹೋಂಡಾ ಸಿಟಿ ನಾಲ್ಕನೇ ತಲೆಮಾರು (ಜಿಎಂ6) ಡಿಕ್ಕಿ ಸ್ಪಾಯ್ಲರ್. ಕಂಪನಿಯ ಒರಿಜಿನಲ್, ಎಬಿಎಸ್, ಪಾರ್ಟ್ ನಂಬರ್ ಫೋಟೊದಲ್ಲಿದೆ. ಬ್ರೇಕ್ ದೀಪ ಕೆಲಸ ಮಾಡುತ್ತದೆ, ವಿಡಿಯೊ ಇದೆ. ಬಣ್ಣ ಟಫೆಟಾ ವೈಟ್ ಎನ್‌ಎಚ್578, ಸ್ವಲ್ಪ ಮಾಸಿದೆ. ಎಡ ತುದಿಯಲ್ಲಿ ಎರಡು ಸೆಂಟಿಮೀಟರ್ ಗೀರು, ಫೋಟೊ ನೋಡಿ. ಬಿರುಕು ಇಲ್ಲ, ದುರಸ್ತಿ ಆಗಿಲ್ಲ. ನಟ್‌ಗಳು ಜೊತೆಗಿವೆ, ಡಬಲ್ ಟೇಪ್ ನೀವು ಹೊಸದಾಗಿ ಹಾಕಬೇಕು. ವಸ್ತು ಮೈಸೂರಿನಲ್ಲಿದೆ, ಬಂದು ನೋಡಬಹುದು. ಬೇರೆ ಊರಿಗೆ ಸಾಗಣೆ ವೆಚ್ಚ ಪ್ರತ್ಯೇಕ. ಬೆಲೆ 5,500 ರೂಪಾಯಿ, ಸ್ವಲ್ಪ ಚೌಕಾಸಿಗೆ ಅವಕಾಶವಿದೆ.”

ಬೆಲೆ ಬರೆಯದೆ ‘ಇನ್‌ಬಾಕ್ಸ್‌ಗೆ ಬನ್ನಿ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದರಿಂದ ನಿಮ್ಮ ಸಮಯವೂ ಹಾಳು, ಅವರದ್ದೂ ಹಾಳು.

8. ಮಾತುಕತೆ ಮತ್ತು ಹಣ

‘ಕೊನೆಯ ಬೆಲೆ ಎಷ್ಟು ಸರ್?’ ಎಂದು ಮೊದಲ ಸಂದೇಶದಲ್ಲೇ ಕೇಳುವವರಿಗೆ, ‘ನಿಮ್ಮ ಕಾರು ಯಾವ ವರ್ಷದ್ದು, ಯಾವ ಆವೃತ್ತಿ?’ ಎಂದು ಮರುಪ್ರಶ್ನೆ ಹಾಕಿ. ನಿಜವಾಗಿ ಬೇಕಿರುವವರು ಉತ್ತರಿಸುತ್ತಾರೆ. ಅವರ ಕಾರಿಗೆ ಹೊಂದುವುದಿಲ್ಲ ಎಂದು ತಿಳಿದರೆ ನೀವೇ ಬೇಡ ಎಂದುಬಿಡಿ. ಅದೇ ಗುಂಪಿನಲ್ಲಿ ನಿಮಗೆ ಬೇಕಾದವರನ್ನು ಅವರೇ ಹುಡುಕಿಕೊಟ್ಟಾರು.

ಒಪ್ಪಂದ ಆದವರಿಗೆ ವಸ್ತುವನ್ನು ಹಿಡಿದಿಡಲು ಸಣ್ಣ ಮುಂಗಡ ಕೇಳುವುದು ರೂಢಿ. ಆಮೇಲೆ ಹೆಚ್ಚು ಕೊಡುವವರು ಬಂದರೂ ಮಾತು ತಪ್ಪಬಾರದು. ಬೇರೆ ಊರಿನವರಾದರೆ, ಪ್ಯಾಕ್ ಮಾಡುವ ಮುನ್ನ ವಿಡಿಯೊ ಕರೆಯಲ್ಲಿ ಸ್ಪಾಯ್ಲರ್ ತಿರುಗಿಸಿ ತೋರಿಸಿ, ಪೂರ್ತಿ ಹಣ ಬಂದ ಮೇಲೆ ಕಳುಹಿಸಿ.

ವಂಚಕರ ಹಾದಿ ಮಾತ್ರ ಬೇರೆ. ವಸ್ತುವಿನ ಬಗ್ಗೆ ಒಂದೂ ಪ್ರಶ್ನೆ ಕೇಳದೆ, ಹೇಳಿದ ಬೆಲೆಗೆ ಒಪ್ಪಿ, ತಾವು ಸೇನೆಯಲ್ಲಿದ್ದೇವೆ ಎಂದು ಗುರುತಿನ ಚೀಟಿಯ ಫೋಟೊ ಕಳುಹಿಸಿ, ‘ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎನ್ನುತ್ತಾರೆ. ಹಣ ಪಡೆಯಲು ಕೋಡ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ, ಯುಪಿಐ ಪಿನ್ ಒತ್ತುವುದೂ ಬೇಕಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣವೇ. ಹಣ ಕಳುಹಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ಮೊತ್ತ ಕಂಡ ಮೇಲಷ್ಟೇ ನಂಬಿ. ‘ತಪ್ಪಿ ಹೆಚ್ಚು ಹಾಕಿದೆ, ವಾಪಸ್ ಕೊಡಿ’ ಎಂಬ ಕರೆಗೂ ಇದೇ ಮದ್ದು. ಮೋಸವಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

9. ಕಾನೂನಿನ ಒಂದು ಮಾತು

1973ರಲ್ಲಿ ಬಿಎಂಡಬ್ಲ್ಯು ತನ್ನ 3.0 ಸಿಎಸ್‌ಎಲ್ ಕಾರಿನ ದೊಡ್ಡ ರೆಕ್ಕೆಗಳನ್ನು ಡಿಕ್ಕಿಯೊಳಗೆ ಇಟ್ಟು ಮಾರಿತ್ತು. ಜರ್ಮನಿಯ ರಸ್ತೆಯಲ್ಲಿ ಅವಕ್ಕೆ ಅನುಮತಿ ಇರಲಿಲ್ಲ, ಕೊಂಡವರೇ ಜೋಡಿಸಿಕೊಳ್ಳಬೇಕಿತ್ತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಬದಲಾವಣೆಗೆ ತಲಾ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ಹೇಳುತ್ತದೆ. ಆ ಮಾದರಿಗೆ ಕಂಪನಿಯೇ ಕೊಡುತ್ತಿದ್ದ ಸ್ಪಾಯ್ಲರ್ ಮಾರುವಾಗ ಆತಂಕ ಕಡಿಮೆ. ಕಾರಿನ ಅಗಲವನ್ನೂ ಮೀರಿ ಚಾಚುವ ದೊಡ್ಡ ರೆಕ್ಕೆ ಮಾರುವುದಾದರೆ, ಅದು ರೇಸ್ ಟ್ರ್ಯಾಕಿಗೆ ಮಾತ್ರ ಎಂದು ಜಾಹೀರಾತಿನಲ್ಲೇ ಬರೆಯಿರಿ.

10. ಪ್ಯಾಕಿಂಗ್ ಮತ್ತು ಸಾಗಣೆ

ಹೆಚ್ಚಿನ ವ್ಯಾಪಾರಗಳು ಕೆಡುವುದು ಇಲ್ಲಿ. ಸ್ಪಾಯ್ಲರ್ ಹಗುರ, ಆದರೆ ಕೊರಿಯರ್‌ನವರು ಗಾತ್ರವನ್ನೂ ತೂಕವಾಗಿ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಸೂತ್ರ. 135, 30, 20 ಅಳತೆಯ ಪೆಟ್ಟಿಗೆಗೆ 16.2 ಕಿಲೋ ಬರುತ್ತದೆ, ಒಳಗಿನ ವಸ್ತು ಮೂರು ಕಿಲೋ ಇದ್ದರೂ ಸರಿ. ಆದ್ದರಿಂದ ಪೆಟ್ಟಿಗೆ ಸಿದ್ಧವಾಗುವ ಮೊದಲು ಸಾಗಣೆ ವೆಚ್ಚ ಹೇಳಬೇಡಿ.

ಅಗ್ಗದ ದಾರಿ ಲಾರಿ ಪಾರ್ಸೆಲ್. ವಿಆರ್‌ಎಲ್‌ನಂಥ ಸಾಗಣೆ ಸಂಸ್ಥೆಗಳ ಗೋಡೌನಿಗೆ ಒಯ್ದು ಬುಕ್ ಮಾಡಿದರೆ ಎಲ್‌ಆರ್, ಅಂದರೆ ಲಾರಿ ರಸೀದಿ ಕೊಡುತ್ತಾರೆ. ‘ಟು ಪೇ’ ಎಂದರೆ ಬಾಡಿಗೆಯನ್ನು ಪಡೆಯುವವರೇ ಅಲ್ಲಿ ಕಟ್ಟುತ್ತಾರೆ. ರಾಜ್ಯದೊಳಗಾದರೆ ಕೆಎಸ್‌ಆರ್‌ಟಿಸಿ 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಇದೆ, ಬಸ್ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಹೋಗುತ್ತದೆ. ಮನೆ ಬಾಗಿಲಿಗೇ ಬೇಕೆನ್ನುವವರು ಕೊರಿಯರ್ ವೆಚ್ಚ ಒಪ್ಪಬೇಕು.

ಪೆಟ್ಟಿಗೆಗೆ ಟಿವಿ ಅಂಗಡಿಯಲ್ಲಿ ಕೇಳಿ. 55 ಇಂಚಿನ ಟಿವಿಯ ರಟ್ಟನ್ನು ಕತ್ತರಿಸಿ ಮಡಚಿದರೆ ಉದ್ದನೆಯ ಗಟ್ಟಿ ಪೆಟ್ಟಿಗೆ ಆಗುತ್ತದೆ. ಬಣ್ಣದ ಮೇಲೆ ಮೊದಲು ಹತ್ತಿ ಬಟ್ಟೆ ಅಥವಾ ತೆಳು ಫೋಮ್ ಹಾಳೆ ಸುತ್ತಿ, ಅದರ ಮೇಲೆ ಬಬಲ್ ಹಾಳೆ ಸುತ್ತಿ. ಬಬಲ್ ನೇರವಾಗಿ ತಾಗಿದರೆ ಲಾರಿಯ ಬಿಸಿಗೆ ಹೊಸ ಪೇಂಟಿನ ಮೇಲೆ ಗುಳ್ಳೆಗಳ ಗುರುತು ಮೂಡುತ್ತದೆ. ಪ್ಯಾಕಿಂಗ್ ಟೇಪ್ ಬಣ್ಣಕ್ಕೆ ತಾಗಲೇಬಾರದು. ಅಡಿಯ ಬೋಲ್ಟ್‌ಗಳಿಗೆ ಥರ್ಮಾಕೋಲ್ ತುಂಡು ಚುಚ್ಚಿ ಕೂರಿಸಿ, ಇಲ್ಲದಿದ್ದರೆ ಅವು ರಟ್ಟನ್ನು ಸೀಳಿ ಹೊರಬರುತ್ತವೆ. ಎರಡೂ ತುದಿಗಳಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು ಮೆತ್ತೆ ತುಂಬಿ, ಏಕೆಂದರೆ ಗೋಡೌನಿನಲ್ಲಿ ಉದ್ದನೆಯ ಪೆಟ್ಟಿಗೆಯನ್ನು ತುದಿಯ ಮೇಲೆ ನಿಲ್ಲಿಸುತ್ತಾರೆ. ಪೆಟ್ಟಿಗೆಯ ಉದ್ದಕ್ಕೂ ಎರಡು ಮರದ ರೀಪು ಕಟ್ಟಿದರೆ ನಡುವೆ ಬಾಗುವುದಿಲ್ಲ. ನಟ್, ವಾಷರ್‌ಗಳನ್ನು ಸಣ್ಣ ಚೀಲದಲ್ಲಿ ಹಾಕಿ ಪೆಟ್ಟಿಗೆಯ ಗೋಡೆಗೆ ಅಂಟಿಸಿ. ಸಡಿಲವಾಗಿ ಬಿಟ್ಟರೆ ದಾರಿಯುದ್ದಕ್ಕೂ ಅವು ಬಣ್ಣವನ್ನು ಗೀರುತ್ತವೆ.

ಅಲುಗಾಡಿಸಿ ನೋಡಿ. ಒಳಗೆ ಸದ್ದು ಬಂದರೆ ಮತ್ತೆ ಬಿಚ್ಚಿ. ವಿಳಾಸವನ್ನು ಒಳಗೊಂದು, ಹೊರಗೊಂದು ಇಡಿ. ಪ್ಯಾಕಿಂಗ್‌ನ ಫೋಟೊ, ಎಲ್‌ಆರ್ ಪ್ರತಿ ಎರಡನ್ನೂ ಅದೇ ದಿನ ಕಳುಹಿಸಿ. ಪೆಟ್ಟಿಗೆ ತೆರೆಯುವಾಗ ನಡುವೆ ನಿಲ್ಲಿಸದೆ ವಿಡಿಯೊ ಮಾಡಿಕೊಳ್ಳುವಂತೆ ಕೊಳ್ಳುವವರಿಗೆ ಮೊದಲೇ ಹೇಳಿ. ದಾರಿಯಲ್ಲಿ ಮುರಿದರೆ ನಷ್ಟ ಯಾರದು ಎಂಬುದನ್ನು ಹಣ ಪಡೆಯುವ ಮೊದಲೇ ಬರಹದಲ್ಲಿ ಒಪ್ಪಿಕೊಂಡಿರಿ. ಪ್ಯಾಕಿಂಗ್ ಕಳಪೆಯಿಂದ ಮುರಿದರೆ ಹೊಣೆ ಮಾರಿದವರದ್ದೇ ಎಂಬುದು ನನ್ನ ನಿಲುವು.

ಪಾರ್ಸೆಲ್ ತಲುಪಿದ ಮೇಲೆ ಒಂದು ಸಂದೇಶ ಕಳುಹಿಸಿ: ಪೇಂಟ್ ಹೊಡೆಸುವ ಮುನ್ನ ಸ್ಪಾಯ್ಲರನ್ನು ಒಮ್ಮೆ ಕಾರಿನ ಮೇಲೆ ಕೂರಿಸಿ ನೋಡಲಿ, ಹೊಸ ತೂತು ಕೊರೆಯುವುದಾದರೆ ಕಾಗದದ ನಕ್ಷೆ ಮಾಡಿಕೊಂಡೇ ಕೊರೆಯಲಿ. ನಿಮ್ಮ ಕಾರಿನ ಬೋಲ್ಟ್ ಅಂತರಗಳನ್ನು ಬರೆದಿಟ್ಟುಕೊಂಡಿದ್ದರೆ ಅದನ್ನೂ ಕಳುಹಿಸಿ. ಆಮೇಲೆ ಗುಂಪಿನಲ್ಲಿ ಜಾಹೀರಾತಿಗೆ ‘ಮಾರಾಟವಾಗಿದೆ’ ಎಂದು ಸೇರಿಸಿ, ಬೆಲೆಯನ್ನು ಮಾತ್ರ ಅಳಿಸಬೇಡಿ. ಮುಂದೆ ಅದೇ ಸ್ಪಾಯ್ಲರ್ ಹುಡುಕುವವರಿಗೆ ಬೆಲೆಯ ಅಂದಾಜು ಸಿಗುವುದು ಅಲ್ಲಿಂದಲೇ.